ಕೊಡಲಿಗೆ ಅಡ್ಡ ಹೋದವರು

ಅವರು ತೀರಿಕೊಂಡ ಸುದ್ದಿ ನನಗೆ ಮೊಬೈಲಿನಲ್ಲಿ ಬಂತು. ನಮ್ಮ ಫ್ಯಾಕ್ಟರಿಯ ಹಳೆಯ ನೌಕರರದ್ದೊಂದು ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಚಹಾ ಕುಡಿಯುತ್ತ ತೆಗೆದು ನೋಡಿದರೆ ಅವರ ಫೋಟೋ. ಕಂಪನಿಯವರು ಶಾಲು ಹೊದಿಸಿದ ದಿನ ತೆಗೆದದ್ದು. ಬಲಗಣ್ಣಿನ ಮೇಲೆ ಬಿಳಿ ಪಟ್ಟಿ, ಹಣೆಯ ಮೇಲೆ ವಿಭೂತಿ. ಕೆಳಗೆ ಯಾರೋ ಬರೆದಿದ್ದರು: ‘ನಿಷ್ಠೆಗೆ ಇನ್ನೊಂದು ಹೆಸರು ನಮ್ಮ ಅಣ್ಣ.’ ಅದರ ಕೆಳಗೆ ಸಾಲುಸಾಲಾಗಿ ಮುಗಿದ ಕೈಗಳು.

ಕೈ ಮುಗಿದವರ ಹೆಸರುಗಳನ್ನು ಒಂದೊಂದಾಗಿ ಓದಿದೆ. ಇದೇ ಮಂದಿ, ಇದೇ ಗುಂಪಿನಲ್ಲಿ, ಅವರನ್ನು ‘ಸಾಹೇಬನ ನಾಯಿ’ ಎಂದು ಕರೆದಿದ್ದರು. ಅವರ ಕಣ್ಣು ಹೋದ ವಾರ ‘ನಾಯಿಗೆ ಒಂದೇ ಕಣ್ಣು ಸಾಕು’ ಎಂದು ಬರೆದವನೂ ಇವತ್ತು ಎರಡು ಕೈ ಮುಗಿದಿದ್ದ. ಮೈಯೆಲ್ಲ ಉರಿದುಹೋಯಿತು. ಗುಂಪಿನಿಂದ ಹೊರಗೆ ಬಂದೆ. ಆದರೂ ಉರಿ ಕಡಿಮೆಯಾಗಲಿಲ್ಲ. ಯಾಕೆಂದರೆ ಆ ನಾಯಿ ಎಂಬ ಮಾತಿಗೆ ಅಂದು ನಾನೂ ನಕ್ಕವನೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಅದನ್ನೂ ಯಾರಾದರೂ ಫೋಟೋದ ಕೆಳಗೆ ಹಾಕಿಕೊಳ್ಳುತ್ತಾರೆ. ಫ್ಯಾಕ್ಟರಿಯ ಹೆಸರೂ ಬೇಡ. ಚಿತ್ತಾಪುರ, ವಾಡಿ, ಸೇಡಂ ಕಡೆ ಎತ್ತ ಹೋದರೂ ಸಿಮೆಂಟಿನ ಚಿಮಣಿ ಕಾಣುತ್ತದೆ; ಅವುಗಳಲ್ಲಿ ಒಂದು ಅಂದುಕೊಳ್ಳಿ. ನಾನು ಅಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಮಿಸ್ತ್ರಿಯಾಗಿದ್ದೆ. ಅವರು ಯೂನಿಟ್ಟಿನ ದೊಡ್ಡ ಸಾಹೇಬನ ಕಾರಿನ ಡ್ರೈವರ್. ಒಂದೇ ಕಾಲೋನಿ, ನಡುವೆ ನಾಲ್ಕು ಮನೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ನಾನು ಅಣ್ಣಾ ಎನ್ನುತ್ತಿದ್ದೆ, ಅವರು ನನಗೆ ಮಿಸ್ತ್ರಿ ಎನ್ನುತ್ತಿದ್ದರು.

ಮನುಷ್ಯ ತೆಳ್ಳಗೆ, ಉದ್ದಕ್ಕೆ. ಮುಂಜಾನೆ ಲಿಂಗಪೂಜೆ ಮಾಡದೆ ನೀರೂ ಮುಟ್ಟುತ್ತಿರಲಿಲ್ಲ. ಕಾರು ಶುರು ಮಾಡುವ ಮೊದಲು ಕೆಳಗೆ ಬಗ್ಗಿ ಗಾಲಿಗಳ ಸಂದಿ ನೋಡುವುದು ಅವರ ರೂಢಿ. ಒಮ್ಮೆ ಅಲ್ಲಿ ಬೆಕ್ಕಿನ ಮರಿಗಳು ಮಲಗಿದ್ದವಂತೆ. ಮಧ್ಯಾಹ್ನ ಸಾಹೇಬರು ಮೀಟಿಂಗಿನಲ್ಲಿದ್ದರೆ ಗಾಡಿ ಶೆಡ್ಡಿನ ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿಪಲ್ಯ ಬಿಚ್ಚಿ, ಬಂದವರಿಗೆಲ್ಲ ಮುರಿದು ಕೊಟ್ಟು, ತಾವು ಉಳಿದದ್ದನ್ನು ತಿನ್ನುತ್ತಿದ್ದರು. ಸಾಹೇಬನ ಗುಟ್ಟುಗಳನ್ನು ಬಾಯಿಬಿಡಿಸಲು ನಾವು ಎಷ್ಟೋ ಸಲ ಕೆಣಕಿದ್ದೇವೆ. ಯಾರಿಗೆ ಪ್ರಮೋಷನ್, ಯಾವ ಕಂಟ್ರಾಕ್ಟರ್ ಹೋಗುತ್ತಾನೆ, ಎಲ್ಲ ಅವರ ಕಿವಿಗೆ ಬಿದ್ದಿರುತ್ತಿತ್ತು. ಅವರು ನಗುತ್ತಿದ್ದರು, ಅಷ್ಟೇ. “ಸ್ಟೇರಿಂಗ್ ಹಿಡದಾಗ ನನ್ನ ಕಿವಿ ಗಾಡೀವು ಇರ್ತಾವ ಮಿಸ್ತ್ರಿ, ನನ್ನವಲ್ಲ.”

ಹಾಗೆಂದು ಹೆದರುಪುಕ್ಕರಲ್ಲ. ಚಂದ್ರಂಪಳ್ಳಿಯ ಸಂಗತಿ ಅದಕ್ಕೇ ಹೇಳಬೇಕು. ಹೊರಗಿನಿಂದ ಬಂದ ಅತಿಥಿಗಳನ್ನು ಕರೆದುಕೊಂಡು ಸಾಹೇಬ ಡ್ಯಾಮ್ ತೋರಿಸಲು ಹೋಗಿದ್ದ. ಇವರು ಕಾರಿನ ಹತ್ತಿರ ನಿಂತಿದ್ದಾಗ ಕುಂಚಾವರಂ ಕಡೆಯ ಒಬ್ಬ ಗಂಡಸು ಹೆಂಡತಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿ ಬಂದ. ಹಾವು ಕಚ್ಚಿತ್ತು. ಅವನು ತೆಲುಗಿನಲ್ಲಿ ಕೂಗುತ್ತಿದ್ದ. ಇವರು ಸಾಹೇಬನನ್ನು ಕೇಳಲೂ ಇಲ್ಲ. ಆ ಹೆಂಗಸನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ ಚಿಂಚೋಳಿಯ ದವಾಖಾನೆಗೆ ಹೊಡೆದುಕೊಂಡು ಹೋದರು. ಸಾಹೇಬ, ಅತಿಥಿಗಳು ಬಿಸಿಲಿನಲ್ಲಿ ದಾರಿ ಕಾಯುತ್ತ ನಿಂತರು. ತಿರುಗಿ ಬಂದಾಗ ಸಾಹೇಬ ಬಾಯಿಗೆ ಬಂದಂತೆ ಬೈದ. ಇವರು ಸೀಟು ಒರೆಸುತ್ತ, “ಕೆಲಸದಿಂದ ತೆಗೀರಿ ಬೇಕಾದ್ರ. ಆಕಿ ಜೀವ ಉಳೀತು” ಅಂದರಂತೆ. ಸಾಹೇಬ ತೆಗೆಯಲಿಲ್ಲ. ಆ ಘಾಟಿನ ರಸ್ತೆಯಲ್ಲಿ ಅವರಷ್ಟು ಚೆನ್ನಾಗಿ ಗಾಡಿ ಓಡಿಸುವವರು ಇನ್ನೊಬ್ಬರಿರಲಿಲ್ಲ.

ಇಂಥವರು ಒಂದು ಸಲ ಮಾತ್ರ ಬಾಯಿ ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ.

ಕಲ್ಲಿನ ಪುಡಿ ಸಾಗಿಸುವ ಉದ್ದನೆಯ ಬೆಲ್ಟುಗಳ ಬಾಜೂಕ್ಕೆ ಒಂದು ಹಗ್ಗ ಹಾಯಿಸಿರುತ್ತಾರೆ. ಯಾರಾದರೂ ಸಿಕ್ಕಿಕೊಂಡರೆ ಅದನ್ನು ಎಳೆಯಬೇಕು, ಬೆಲ್ಟು ನಿಲ್ಲುತ್ತದೆ. ನಮ್ಮಲ್ಲಿ ಆ ಹಗ್ಗ ಗಾಳಿಗೂ ಅಲುಗಾಡಿ ಬೆಲ್ಟು ಪದೇಪದೇ ನಿಲ್ಲುತ್ತಿತ್ತು. ಉತ್ಪಾದನೆ ನಿಲ್ಲುತ್ತದೆ ಎಂದು ಮೇಲಿನಿಂದ ಬಾಯಿಮಾತಿನ ಹುಕುಂ ಬಂತು. ಹಗ್ಗ ಕಟ್ಟಿದ ಸ್ವಿಚ್ಚಿನ ಡಬ್ಬಿಯ ತಂತಿ ಬಿಚ್ಚಿಬಿಟ್ಟರು; ಇನ್ನು ಎಳೆದರೂ ಬೆಲ್ಟು ನಿಲ್ಲುವಂತಿರಲಿಲ್ಲ. ಹಗ್ಗ ಮಾತ್ರ ಹಾಗೆಯೇ ತೂಗಾಡುತ್ತಿತ್ತು, ನೋಡಿದವರಿಗೆ ಧೈರ್ಯ ಇರಲಿ ಎಂದು.

ಕಾಗಿಣಾ ದಂಡೆಯ ಊರಿನ ಒಬ್ಬ ಹುಡುಗಿ ಕಂಟ್ರಾಕ್ಟರನ ಕೈಕೆಳಗೆ ಅಲ್ಲಿ ಕಸ ಹೊಡೆಯುತ್ತಿದ್ದಳು. ಅವಳ ಅಪ್ಪ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಮನೆತನದವನು. ಈಗ ಬೇರೆಯವರ ನಾಲ್ಕು ಎಕರೆ ಹೊಲ ಕೋರಿಗೆ, ಬೆಳೆಯ ಪಾಲಿಗೆ, ಮಾಡಿಕೊಂಡಿದ್ದ. ಹಾಡಹಗಲು ಆ ಹುಡುಗಿ ಬೆಲ್ಟಿಗೆ ಸಿಕ್ಕಳು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಅರ್ಧ ತಾಸಿನಲ್ಲಿ ನಮ್ಮ ಇಂಜಿನಿಯರ್ ನನ್ನ ಹತ್ತಿರ ಓಡಿಬಂದ. “ಹಗ್ಗದ ತಂತಿ ಜೋಡಿಸು. ಪೊಲೀಸರು ಬರೋದ್ರೊಳಗ ಆಗ್ಬೇಕು.” ನಾನು ಜೋಡಿಸಿದೆ. ಈ ಕೈಗಳಿಂದಲೇ. ಹೆಂಡತಿ, ಮಕ್ಕಳು, ಕಾಲೋನಿಯ ಮನೆ, ನೌಕರಿ ಎಲ್ಲ ಕಣ್ಣ ಮುಂದೆ ಬಂದವು ಎಂದು ಬೇಕಾದರೆ ಹೇಳಬಹುದು. ಖರೆ ಹೇಳಬೇಕೆಂದರೆ, ಆಗ ಏನೂ ಬರಲಿಲ್ಲ. ಹೇಳಿದರು, ಮಾಡಿದೆ.

ತನಿಖೆ ನಡೆಯಿತು. ಹಗ್ಗ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಹುಡುಗಿ ಮೊಬೈಲ್ ನೋಡುತ್ತ ಮೈಮರೆತಿದ್ದಳು, ಓಢಣಿ ಸಿಕ್ಕಿತು, ಹಗ್ಗ ಎಳೆಯಲಿಲ್ಲ ಎಂದು ಕಾಗದವಾಯಿತು. ಅವಳ ಅಪ್ಪ ದಿನಾ ಮುಂಜಾನೆ ಫ್ಯಾಕ್ಟರಿಯ ಗೇಟಿಗೆ ಬಂದು ನಿಲ್ಲತೊಡಗಿದ. ಘೋಷಣೆ ಕೂಗುತ್ತಿರಲಿಲ್ಲ, ಬೋರ್ಡು ಹಿಡಿದಿರಲಿಲ್ಲ. ಒಳಗೆ ಹೋಗುವವರನ್ನು ಒಂದೇ ಮಾತು ಕೇಳುತ್ತಿದ್ದ: “ನನ್ನ ಮಗಳ ಹಂತ್ಯಾಕ ಮೊಬೈಲೇ ಇದ್ದಿಲ್ಲಲ್ರೀ, ಹ್ಯಾಂಗ ನೋಡ್ತಾಳ?” ನಾವು ತಲೆ ತಗ್ಗಿಸಿ ಹಾಜರಿ ಪಂಚ್ ಮಾಡಲು ಹೋಗುತ್ತಿದ್ದೆವು. ಸಾಹೇಬನ ಕಾರು ಅವನ ಮುಂದೆಯೇ ಹಾದುಹೋಗುತ್ತಿತ್ತು. ಕರಿ ಗಾಜು ಏರಿಸಿರುತ್ತಿತ್ತು.

ಎಂಟು ತಿಂಗಳು ನಿಂತ. ಆಮೇಲೊಂದು ಮುಂಜಾನೆ ಗೇಟಿನಲ್ಲಿ ಅವನು ಕಾಣಲಿಲ್ಲ.

ಅವನು ಆ ದಿನ ರೈಲ್ವೆ ಗೇಟಿನ ಹತ್ತಿರ ಕಾಯುತ್ತಿದ್ದ. ಗೂಡ್ಸ್ ಗಾಡಿ ಹೋಗಲೆಂದು ಸಾಹೇಬನ ಕಾರು ನಿಂತಾಗ, ಹೊಲದಲ್ಲಿ ಹಕ್ಕಿ ಹೊಡೆಯುವ ಕವಣಿಯಿಂದ ಕಲ್ಲು ಬೀಸಿದ. ಮುಂದಿನ ಗಾಜು ಒಡೆದು ಕಲ್ಲು ಅಣ್ಣನ ಬಲಗಣ್ಣಿಗೆ ಬಡಿಯಿತು. ಅವನು ಕವಣಿ ಒಗೆದು ಕೊಡಲಿ ಹಿಡಿದು ಹಿಂದಿನ ಬಾಗಿಲಿನ ಕಡೆ ಓಡಿಬಂದ. ಆಗ ಇವರು, ಮುಖದ ತುಂಬ ರಕ್ತ ಸುರಿಯುತ್ತಿದ್ದವರು, ಬಾಗಿಲು ತೆಗೆದು ಕೆಳಗಿಳಿದರು. ಅವನನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದರು. ಕೊಡಲಿ ಇವರ ಹೆಗಲಿಗೆ ಬಿತ್ತು. ಆದರೂ ಬಿಡಲಿಲ್ಲ. ಗೇಟಿನಲ್ಲಿ ನಿಂತ ಮಂದಿ ಬಂದು ಬಿಡಿಸುವವರೆಗೂ ಇಬ್ಬರೂ ಹಾಗೆಯೇ ನೆಲದ ಮೇಲೆ ಕುಸಿದು ಕೂತಿದ್ದರಂತೆ. ಅವನು ಅಳುತ್ತಿದ್ದನಂತೆ. ಸಾಹೇಬ ಒಳಗೆ ಬಾಗಿಲು ಲಾಕ್ ಮಾಡಿಕೊಂಡು ಫೋನ್ ಮಾಡುತ್ತಿದ್ದ.

ಸಂಜೆಯೊಳಗೆ ಆ ಅಪ್ಪ ಎಲ್ಲರ ಮೊಬೈಲಿನಲ್ಲಿ ಹುಲಿಯಾದ. ಅವನ ಫೋಟೋದ ಹಿಂದೆ ಬೆಂಕಿ ಹಚ್ಚಿ, ಹಾಡು ಹಾಕಿ, ಸೇಡಮ್ಮಿನಿಂದ ಶಹಾಬಾದಿನ ತನಕ ಕಳಿಸಿದರು. ವಾಡಿ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಕೂತು ನಾವೆಲ್ಲ ಎಷ್ಟು ಧೈರ್ಯದ ಮಾತಾಡಿದೆವು! “ಛೇ, ಸಾಹೇಬ ಬಚಾವಾದ.” “ಆ ಚಮಚಾ ಅಡ್ಡ ಬರ್ಲಿಲ್ಲಂದ್ರ ಇವತ್ತ ಹಬ್ಬ ಇತ್ತು.” ಎಂಟು ತಿಂಗಳು ಆ ಮನುಷ್ಯ ಗೇಟಿನಲ್ಲಿ ನಿಂತಿದ್ದಾಗ ಅವನ ಬಾಜೂಕ್ಕೆ ಐದು ನಿಮಿಷ ನಿಂತವರು ನಮ್ಮಲ್ಲಿ ಒಬ್ಬರಿಲ್ಲ. ಅವನು ಕೊಡಲಿ ಎತ್ತಿದ ಕೂಡಲೇ ಎಲ್ಲರೂ ಅವನ ಬಳಗ. ಸಾಹೇಬನ ಮೇಲೆ ನನಗೆ ಆಗಲೂ ಕರುಣೆ ಇರಲಿಲ್ಲ, ಇವತ್ತೂ ಇಲ್ಲ. ಆದರೆ ಆ ದಿನ ನಾವು ಬಯಸಿದ್ದೇನು? ನಮ್ಮ ಬದಲಿಗೆ ಇನ್ನೊಬ್ಬ ಕೊಲ್ಲಲಿ, ಅವನೇ ಗಲ್ಲಿಗೇರಲಿ, ನಾವು ಚಹಾ ಕುಡಿಯುತ್ತ ವಿಡಿಯೋ ನೋಡುತ್ತೇವೆ. ಇದಕ್ಕೆ ನಾವು ನ್ಯಾಯ ಎಂದು ಹೆಸರಿಟ್ಟೆವು. ಕಣ್ಣು ಕಳೆದುಕೊಂಡವನೂ ನಮ್ಮ ಹಾಗೆ ಸಂಬಳದ ಮನುಷ್ಯ ಎಂಬುದು ಯಾರ ನೆನಪಿಗೂ ಬರಲಿಲ್ಲ.

ಕಂಪನಿಯವರು ಶಾಲು ಹೊದಿಸಿದರು, ಫಲಕ ಕೊಟ್ಟರು. ಮೂರು ತಿಂಗಳಾದ ಮೇಲೆ, ಒಂದು ಕಣ್ಣಿನವರು ಗಾಡಿ ಓಡಿಸಲು ಬರುವುದಿಲ್ಲ ಎಂದು ಕೆಲಸದಿಂದ ತೆಗೆದು ಕಾಲೋನಿಯ ಮನೆಯನ್ನೂ ಬಿಡಿಸಿದರು.

ಗುರುತಿನ ಚೀಟಿ ಒಪ್ಪಿಸಲು ಬಂದ ದಿನ ಅವರು ಗಾಡಿ ಶೆಡ್ಡಿನ ಹತ್ತಿರ ಸಿಕ್ಕರು. ಅಲ್ಲಿಯವರೆಗೆ ನಾನು ನೋಡಲು ಹೋಗಿರಲಿಲ್ಲ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ, ಅದಕ್ಕೆ ನಿಂತೆ. ಚಹಾದಂಗಡಿಯ ಮಾತನ್ನೇ ಆಡಿದೆ.

“ಅಡ್ಡ ಯಾಕ ಹೋದ್ರಿ ಅಣ್ಣಾ? ಬಿಟ್ಟಿದ್ರ ಒಂದು ಹುಳ ಕಡಿಮಿ ಆಗ್ತಿತ್ತು.”

ಉಳಿದ ಒಂದು ಕಣ್ಣಿನಿಂದ ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಹುಳ ಯಾಕಾಗ್ತಾನ? ಮನಷಾ ಇದ್ದಾನ ಆತ. ಕೆಟ್ಟ ಮನಷಾ. ಮನಷಾ ಅಂದ್ರನೇ ಕಟಕಟಿಯಾಗ ನಿಂದ್ರಿಸಿ ಕೇಳಾಕ ಬರ್ತದ. ಕಡದು ಒಗದ್ರ ಯಾರನ್ನ ಕೇಳ್ತಿ? ಪೇಪರ್‌ನ್ಯಾಗ ದೊಡ್ಡ ಫೋಟೋ ಬರ್ತಿತ್ತು, ಭಾಳ ಚಲೋ ಸಾಹೇಬ್ರಿದ್ರು ಅಂತ. ಆ ಹುಡುಗಿ ಹೆಸರ ಯಾರೂ ತಗೊಂತಿದ್ದಿಲ್ಲ.”

“ಅಷ್ಟೆಲ್ಲ ಇಚಾರ ಮಾಡಿ ಇಳದ್ರೇನು?”

“ಇಲ್ಲ. ಸುಳ್ಳ ಯಾಕ ಹೇಳ್ಲಿ. ಎದುರಿಗೆ ಕೊಡ್ಲಿ ಬಂತು, ಹಿಡದೆ. ಇಚಾರ ಎಲ್ಲಾ ದವಾಖಾನಿಯಾಗ ಮಲಕೊಂಡಾಗ ಮಾಡೀನಿ.” ಕೈಯಲ್ಲಿದ್ದ ಗುರುತಿನ ಚೀಟಿಯನ್ನು ಜೇಬಿಗಿಟ್ಟು ಮತ್ತೆ ಹೇಳಿದರು. “ಆತ ಎಂಟು ತಿಂಗಳ ಒಂದು ಮಾತು ಕೇಳಿದ. ಜವಾಬು ನನ್ನ ಬಲ್ಲಿ ಇತ್ತು ಮಿಸ್ತ್ರಿ. ಆ ಹುಡುಗಿ ಸತ್ತ ದಿನ ನಾ ಗಾಡಿ ಹೊಡೀಲಿಕತ್ತಿದ್ದೆ. ಹಿಂದ ಕುಂತು ಸಾಹೇಬ ಫೋನ್‌ನ್ಯಾಗ ಹೇಳಿದ, ತಂತಿ ಜೋಡಸ್ರಿ ಅಂತ. ನಾ ಆ ಮಾತು ಹೊರಗ ಹಾಕಿದ್ರ ಆತ ಕೊಡ್ಲಿ ಎತ್ತತಿದ್ದಿಲ್ಲ. ನನ್ನ ಕಣ್ಣ ಆತ ಒಬ್ಬನೇ ಒಡೀಲಿಲ್ಲ, ನಾನೂ ಒಡಕೊಂಡೀನಿ.”

ನಾನು ಹೋಗಲು ತಿರುಗಿದೆ.

“ಯಾರ್ ಜೋಡಸ್ಯಾರ ಅದೂ ಗೊತ್ತದ,” ಅಂದರು. “ಫೋನ್‌ನ್ಯಾಗ ನಿನ್ನ ಹೆಸರ ಬಂತು. ‘ಅವನ್ನ ಕಳಸ್ರಿ, ಬಾಯಿ ಬಿಗಿ ಇದ್ದಾನ’ ಅಂದ ಸಾಹೇಬ.”

ಅಷ್ಟು ಹೇಳಿ ಚೀಟಿ ಒಪ್ಪಿಸಲು ಒಳಗೆ ಹೋದರು. ನನಗೆ ಅವರು ‘ನೀನು’ ಎಂದದ್ದೂ ಅದೊಂದೇ ಸಲ.

ಕೇಸು ಕೋರ್ಟಿಗೆ ಬಂತು. ಅವರು ಮುಖ್ಯ ಸಾಕ್ಷಿ. ಕಂಪನಿಯವರು ಮನೆಗೆ ಬಂದು, ಹೇಳಿದಷ್ಟೇ ಹೇಳಿದರೆ ವಾಚ್‌ಮನ್ ಕೆಲಸ ಕೊಡುತ್ತೇವೆ ಎಂದರು. ಊರಿನವರು ಬಂದು, ಕಲ್ಲು ಯಾರು ಹೊಡೆದರೋ ನೋಡಲಿಲ್ಲ ಎಂದರೆ ನಿನ್ನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತೇವೆ ಎಂದರು. ಸಾಕ್ಷಿ ಹೇಳುವ ದಿನ ನಾನು ಯೂನಿಯನ್ನಿನವರ ಜೊತೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಅವರು ಕಟಕಟೆಯಲ್ಲಿ ನಿಂತು ಆ ಅಪ್ಪನ ಕಡೆ ನೋಡಿ, “ಹೌದ್ರಿ, ಕಲ್ಲ ಹೊಡದಾಂವ ಇವನೇ. ಕೊಡ್ಲಿ ಎತ್ತಿದಾಂವನೂ ಇವನೇ. ತಪ್ಪ ಮಾಡ್ಯಾನ” ಅಂದರು. ಹಿಂದೆ ಕೂತವರೆಲ್ಲ ಗುಸುಗುಸು ಎಂದರು. ಅವರು ನಿಲ್ಲಿಸಲಿಲ್ಲ. “ಇನ್ನೊಂದು ತಪ್ಪ ಅದರಿ, ಅದನ್ನೂ ಬರಕೋರಿ” ಎಂದು ಫೋನಿನ ಮಾತನ್ನು, ನನ್ನ ಹೆಸರೊಂದನ್ನು ಬಿಟ್ಟು, ಶಬ್ದ ಬಿಡದೆ ಹೇಳಿದರು. ಅಪ್ಪನ ಪರ ವಕೀಲ ಎದ್ದು ಕೇಳಿದ, ತಂತಿ ಜೋಡಿಸಿದವರು ಯಾರು?

“ಒಬ್ಬ ಮಿಸ್ತ್ರಿ.”

“ಹೆಸರು?”

ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಅವರು ನನ್ನ ಕಡೆ ತಿರುಗಲಿಲ್ಲ.

“ಜೋಡಿಸಿದ್ದು ನಾ ಕಣ್ಣಿಲೆ ನೋಡಿಲ್ರಿ. ನೋಡದ್ದನ್ನ ಹ್ಯಾಂಗ ಹೇಳ್ಲಿ? ಅದನ್ನ ಆತನೇ ಬಂದು ಹೇಳ್ಬೇಕು.”

ಒಂದು ನಿಮಿಷ ಇತ್ತು. ಎದ್ದು ನಿಲ್ಲಲು ಅಷ್ಟು ಸಾಕಾಗಿತ್ತು. ನಾನು ಏಳಲಿಲ್ಲ.

ಫ್ಯಾಕ್ಟರಿಯ ಸಾವು ಈ ಕೇಸಿನ ವಿಷಯವಲ್ಲ ಎಂದಾಯಿತು. ಅಪ್ಪನಿಗೆ ಏಳು ವರ್ಷ ಶಿಕ್ಷೆಯಾಯಿತು. ಸಾಹೇಬನಿಗೆ ಬೇರೆ ರಾಜ್ಯದಲ್ಲಿ ಇನ್ನೂ ದೊಡ್ಡ ಹುದ್ದೆಯಾಯಿತು. ಇವರಿಗೆ ಎರಡೂ ಕಡೆಯವರ ಬಾಗಿಲು ಮುಚ್ಚಿತು. ಕಂಪನಿಗೆ ನಮಕ್‌ಹರಾಮ್, ಊರಿಗೆ ನಾಯಿ. ಚಹಾದಂಗಡಿಯಲ್ಲಿ ಅವರು ಬಂದು ಕೂತರೆ ಬೆಂಚು ಖಾಲಿಯಾಗುತ್ತಿತ್ತು. ಕಡೆಗೆ ಶಹಾಬಾದಿಗೆ ಹೋಗಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯಲ್ಲಿ ಕಾವಲಿಗೆ ಸೇರಿದರು. ಅಲ್ಲಿಯೇ ಎದೆನೋವು ಬಂದು ಹೋದರು.

ಮಣ್ಣಿಗೆ ನಾನು ಹೋಗಲಿಲ್ಲ. ಮುಖ ಇರಲಿಲ್ಲ. ಐದನೆಯ ದಿನ ಕಾಗಿಣಾ ದಂಡೆಯ ಆ ಊರಿಗೆ ಹೋದೆ. ಅಪ್ಪ ಶಿಕ್ಷೆ ಮುಗಿಸಿ ಬಂದಿದ್ದಾನೆಂದು ಕೇಳಿದ್ದೆ. ಕಟ್ಟೆಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ: “ಹಗ್ಗದ ತಂತಿ ಜೋಡಿಸಿದಾಂವ ನಾ ಇದ್ದೀನ್ರಿ.”

ಅವನು ಕೈ ನಿಲ್ಲಿಸಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಬರ್ತಾನ ಅಂತಿದ್ರು ಡ್ರೈವರ್ ಅಣ್ಣಾರು,” ಅಂದ. “ತಿಂಗಳಿಗೊಮ್ಮಿ ಜೇಲಿಗೆ ಬರ್ತಿದ್ರು, ನನ್ನ ನೋಡಾಕ. ಆ ಮಿಸ್ತ್ರಿ ಹೆಸರ ಹೇಳ್ರಿ ಅಂತ ಎಷ್ಟು ಸಲ ಕಾಲ ಹಿಡದೀನಿ. ಹೇಳ್ಲಿಲ್ಲ. ‘ಹೇಳಿದ್ರ ನೀ ಮತ್ತ ಕೊಡ್ಲಿ ತಗೋತಿ. ಆತನೇ ಬರ್ತಾನ, ತಡಿ’ ಅಂತಿದ್ರು.” ಬಲೆಯನ್ನು ಬಾಜೂಕ್ಕೆ ಇಟ್ಟ. “ಒಂದು ಹೇಳ್ರಿ. ನನ್ನ ಮಗಳು ಹಗ್ಗ ಎಳದಿದ್ಳೇನು?”

ಹಗ್ಗ ಎಳೆದಾಗ ಸ್ವಿಚ್ಚಿನ ಡಬ್ಬಿಯ ಮೇಲಿನ ಕೆಂಪು ಕಡ್ಡಿ ಕೆಳಗೆ ಬೀಳುತ್ತದೆ. ತಂತಿ ಇದ್ದರೂ ಬೀಳುತ್ತದೆ, ಇಲ್ಲದಿದ್ದರೂ ಬೀಳುತ್ತದೆ. ನಾನು ಹೋದಾಗ ಅದು ಬಿದ್ದಿತ್ತು. ಹಗ್ಗದ ಮೇಲಿನ ಧೂಳು ಎರಡು ಕಡೆ ಒರೆಸಿಹೋಗಿತ್ತು. ಆ ಕಡ್ಡಿಯನ್ನು ನಾನೇ ಮೇಲೆತ್ತಿ ಕೂರಿಸಿದ್ದೆ.

“ಎಳದಿದ್ಳು,” ಅಂದೆ. “ಎರಡೂ ಕೈಲೆ ಎಳದಿದ್ಳು.”

ಅವನು ಒಳಗೆ ತಿರುಗಿ ಹೆಂಡತಿಯನ್ನು ಕರೆದ. “ಇಕಿ ಮುಂದೂ ಹೇಳ್ರಿ” ಅಂದ. ಹೇಳಿದೆ. ಆ ತಾಯಿ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಳು.

ಮರುದಿನ ವಕೀಲರ ಹತ್ತಿರ ಹೋಗಿ ಎಲ್ಲವನ್ನೂ ಬರೆದು ಸಹಿ ಹಾಕಿದೆ. ಹಳೆಯ ಸಾವಿನ ಕೇಸು ಮತ್ತೆ ತೆರೆಯುತ್ತದೋ ಇಲ್ಲವೋ ಹೇಳಲಾಗದು, ಆದರೆ ಸಾಕ್ಷಿ ಅಳಿಸಿದ್ದಕ್ಕೆ ನಿಮ್ಮ ಮೇಲೆ ಕೇಸಾಗುವುದು ಖಂಡಿತ ಎಂದರು ವಕೀಲರು. ಆಗಲಿ ಎಂದೆ.

ಅಲ್ಲಿಂದ ನೇರ ಶಹಾಬಾದಿಗೆ, ಅಣ್ಣನ ಮನೆಗೆ ಹೋದೆ. ಅವರ ಹೆಂಡತಿ, ನಮ್ಮ ವೈನಿ, ಬಾಗಿಲಲ್ಲೇ ನಿಂತಿದ್ದರು. ಕಾಗದ ತೋರಿಸಿ, ಅಣ್ಣ ಹೇಳಿದ್ದನ್ನು ಮಾಡಿ ಬಂದೀನಿ ವೈನಿ ಎಂದೆ. ಅವರು ಕಾಗದ ಮುಟ್ಟಲಿಲ್ಲ. ಕುಂದ್ರಿ ಎನ್ನಲಿಲ್ಲ.

“ಕಣ್ಣ ಹೋದ ದಿನದಿಂದ ಸಾಯೋತನಕ ಅವ್ರನ್ನ ನೋಡಾಕ ಅಂತ ನಮ್ಮ ಮನಿಗೆ ಒಬ್ರೂ ಬಂದಿಲ್ಲ,” ಅಂದರು. “ಸಂಜಿ ಆದ್ರ ಅವ್ರು ಬಾಗ್ಲ ತಗದು ಕುಂದ್ರತಿದ್ರು, ಯಾರರೇ ಬರ್ತಾರ ಅಂತ. ನೀವು ಕೋರ್ಟಿನ್ಯಾಗ ಏಳೋದು ಬ್ಯಾಡಾಗಿತ್ರಿ. ಒಂದಿನ ಬಂದು ಅವ್ರ ಬಾಜೂಕ ಕುಂತಿದ್ರ ಸಾಕಿತ್ತು.”

ಅಷ್ಟು ಹೇಳಿ ಬಾಗಿಲು ಹಾಕಿಕೊಂಡರು.